ಕೆಟ್ಟ ಸುದ್ದಿಯ ಪಾಠ

ಕೆಟ್ಟ ಸುದ್ದಿ ಹೇಳುವುದಕ್ಕೂ ಕಾಲೇಜಿನಲ್ಲಿ ಒಂದು ಪಾಠವಿದೆ ಎಂದು ಮಗಳು ಮೊದಲ ಸಲ ಮನೆಯಲ್ಲಿ ಹೇಳಿದಾಗ, ಅಮ್ಮ ಹೊಲಿಗೆ ಯಂತ್ರದ ಮೇಲೆ ಬಗ್ಗಿಕೊಂಡೇ ನಕ್ಕಿದ್ದಳು. ಅದಕ್ಕೇನು ಡಾಕ್ಟರಿಕೆ ಓದಬೇಕೆ, ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಕೈಲಿದ್ದ ಕೆಲಸ ಬಿಟ್ಟು ಓಡಿಬಂದು ಹೇಳುತ್ತಾರೆ ಎಂದಿದ್ದಳು. ಆದರೆ ವೈದ್ಯಕೀಯ ಕಾಲೇಜಿನವರು ಯಾವುದನ್ನೂ ಹಾಗೆ ಸುಮ್ಮನೆ ಬಿಡುವ ಪೈಕಿಯವರಲ್ಲ. ಮೈಯೊಳಗಿನ ಮೂಳೆಮೂಳೆಗೂ ಹೆಸರಿಟ್ಟವರು ದುಃಖಕ್ಕೂ ಹಂತಗಳನ್ನು ಗೊತ್ತುಮಾಡಿದ್ದರು. ಬಾಗಿಲು ಮುಚ್ಚಬೇಕು. ಫೋನು ಆರಿಸಬೇಕು. ಕುರ್ಚಿ ಎಳೆದುಕೊಂಡು ಎದುರಿನವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಈಗಾಗಲೇ ಅವರಿಗೆ ಏನು ಗೊತ್ತಿದೆ ಎಂದು ಕೇಳಬೇಕು. ಸುದ್ದಿ ಒಳ್ಳೆಯದಲ್ಲ ಎಂದು ಒಂದು ಮಾತು ಎಚ್ಚರಿಸಿ, ಸುತ್ತಿ ಬಳಸದೆ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು.

ಕೊನೆಯ ವರ್ಷದ ಪರೀಕ್ಷೆಯಲ್ಲಿ ಇದಕ್ಕೂ ಅಂಕವಿತ್ತು. ನಾಟಕದವರನ್ನು ಕರೆಸಿ ರೋಗಿಯ ಕಡೆಯವರ ವೇಷದಲ್ಲಿ ಕೂರಿಸುತ್ತಿದ್ದರು. ಮಿಕ್ಕ ಎಲ್ಲದರಲ್ಲೂ ಮುಂದಿದ್ದ ಹುಡುಗಿ ತರಗತಿಯ ಅಭ್ಯಾಸದಲ್ಲೇ ಇದೊಂದರಲ್ಲಿ ಮುಗ್ಗರಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡಿರುವುದೇ ಅವಳಿಗೆ ಆಗದ ಕೆಲಸ. ಎದುರಿನವರು ಕಣ್ಣೊರೆಸಿಕೊಂಡರೆ ಸಾಕು, ಏನೂ ಆಗಲ್ಲ ಎಂದುಬಿಡುತ್ತಿದ್ದಳು. ಏನಾಗುತ್ತದೆಂದು ಈಗ ತಾನೇ ಹೇಳಿದವಳು ನೀನೇ ಅಲ್ಲವೇ ಎಂದು ಪಾಠದ ಮೇಡಂ ಎಲ್ಲರ ಮುಂದೆ ಅವಳ ಬೆವರಿಳಿಸಿದ್ದರು.

ಹಾಗಾಗಿ ಸಂಜೆಯ ಹೊತ್ತು ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಅಮ್ಮ ಹೊಲಿಗೆ ಮುಗಿಸಿ, ಕುತ್ತಿಗೆಯಲ್ಲಿದ್ದ ಅಳತೆಪಟ್ಟಿ ತೆಗೆಯುವುದನ್ನೂ ಮರೆತು ಎದುರಿಗೆ ಬಂದು ಕೂರುತ್ತಿದ್ದಳು. ಒಂದು ದಿನ ಗಂಡನನ್ನು ಕಳೆದುಕೊಂಡವಳು, ಇನ್ನೊಂದು ದಿನ ಕಿವಿ ಕೇಳದ ಅಜ್ಜಿ, ಮತ್ತೊಂದು ದಿನ ಡಾಕ್ಟರ ಕೊರಳಪಟ್ಟಿಗೇ ಕೈಹಾಕುವ ಮೈದುನ. ಅಳುವುದನ್ನಂತೂ ಕೇಳಲೇಬೇಡಿ. ಪಕ್ಕದ ಮನೆಯವರು ಗಾಬರಿಬಿದ್ದು ಬಾಗಿಲು ತಟ್ಟಿದ್ದೂ ಉಂಟು. ಅತ್ತು ಮುಗಿಸಿ ತೋಳಿನಿಂದ ಮುಖ ಒರೆಸಿಕೊಂಡು, ನಾನಿನ್ನೂ ಅಳುತ್ತಿರುವಾಗಲೇ ನೀನು ಬಾಯಿ ಹಾಕಿದೆ ಎಂದು ಮಗಳ ತಪ್ಪು ಹಿಡಿಯುತ್ತಿದ್ದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಕೊನೆಕೊನೆಗೆ ಪಾಠ ಮಗಳಿಗಿಂತ ಅಮ್ಮನಿಗೇ ಚೆನ್ನಾಗಿ ಬಾಯಿಪಾಠವಾಯಿತು.

ಆ ದಿನಗಳಲ್ಲೇ ಅಮ್ಮ ಸಣ್ಣಗಾಗುತ್ತಿದ್ದಳು. ಹಳೆಯ ಬಟ್ಟೆಗಳು ಮತ್ತೆ ಮೈಗೆ ಆಗುತ್ತಿವೆ ಎಂದು ಒಳಗೊಳಗೇ ಹಿಗ್ಗುತ್ತಲೂ ಇದ್ದಳು. ಬೆನ್ನುನೋವಿಗೆ ಹೊಲಿಗೆ ಯಂತ್ರವನ್ನು ಬೈದಳು. ಮಗಳೂ ಅದನ್ನೇ ಬೈದಳು. ಒಂದು ಬೆಳಗ್ಗೆ ಅಮ್ಮ ಕಿಟಕಿಯ ಬಳಿ ನಿಂತು ಸೂಜಿಗೆ ದಾರ ಪೋಣಿಸುತ್ತಿದ್ದಾಗ, ಅವಳ ಕಣ್ಣಿನ ಬಿಳಿಯಲ್ಲಿ ಹಳದಿ ಕಂಡಿತು. ಮಗಳು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅಂದೇ ಕರೆದೊಯ್ದು ರಕ್ತ ಪರೀಕ್ಷೆಗೆ ಕೊಡಿಸಿದಳು, ಸ್ಕ್ಯಾನ್ ಮಾಡಿಸಿದಳು. ಊರಿನ ಬಸ್ಸು ಓಡಿಸುವ ಅಪ್ಪನಿಗೆ ಅಮ್ಮ ಇದ್ಯಾವುದನ್ನೂ ಬಿಡಿಸಿ ಹೇಳಲಿಲ್ಲ. ಕಾಮಾಲೆ ಇರಬೇಕು, ಪಥ್ಯ ಮಾಡಿದರೆ ಹೋಗುತ್ತದೆ ಎಂದಳು. ಅಪ್ಪ ನಂಬಿದ. ವರದಿ ಬರುವ ದಿನ ಅಮ್ಮ ಆಸ್ಪತ್ರೆಗೂ ಹೋಗಲಿಲ್ಲ. ಮನೆಯಲ್ಲೇ ಡಾಕ್ಟರು ಇರುವಾಗ ನಾನ್ಯಾಕೆ ಸಾಲಿನಲ್ಲಿ ನಿಲ್ಲಲಿ ಎಂದಳು.

ಶಸ್ತ್ರಚಿಕಿತ್ಸೆಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿದರು. ಜಠರದ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿದ ಗಡ್ಡೆ ಆಗಲೇ ಪಿತ್ತಜನಕಾಂಗದ ತುಂಬ ಹರಡಿತ್ತು. ಕೊಯ್ದು ತೆಗೆಯುವ ಹಂತ ದಾಟಿದೆ, ಇನ್ನೇನಿದ್ದರೂ ನೋವಾಗದಂತೆ ನೋಡಿಕೊಳ್ಳುವುದು, ಕೆಲವು ತಿಂಗಳು ಎಂದರು. ತಮ್ಮ ಕಸುಬಿನವಳೇ ಎಂದು ನಿಂತುಕೊಂಡೇ ಹೇಳಿದರು. ಬೇರೆ ಯಾರದೋ ಮಗಳಾಗಿದ್ದರೆ ಕೂರಲು ಒಂದು ಕುರ್ಚಿಯಾದರೂ ಸಿಗುತ್ತಿತ್ತು.

ಪಾಠದ ಮೇಡಂಗೆ ಹೇಗೋ ವಿಷಯ ಮುಟ್ಟಿತು. ಅವರು ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ ಅವಳನ್ನು ತಡೆದು ನಿಲ್ಲಿಸಿದರು.

"ನಾಳೆ ಅಮ್ಮನ್ನ ನನ್ನ ಹತ್ರ ಕರ್ಕೊಂಡು ಬಾ. ನಾನು ಹೇಳ್ತೀನಿ. ನೀನು ಮಗಳಾಗಿ ಪಕ್ಕದಲ್ಲಿ ಕೂತಿರು, ಅಷ್ಟು ಸಾಕು."

ಅವಳು ಒಪ್ಪಲಿಲ್ಲ. ಅಮ್ಮನಿಗೆ ಬೇರೆಯವರ ಬಾಯಿಂದ ಕೇಳಿಸುವುದೆಂದರೆ ಅವಳಿಗೆ ಸಹಿಸಲಾಗಲಿಲ್ಲ. ಇಷ್ಟು ದಿನ ಕಲಿತದ್ದು ಮತ್ತೆ ಯಾತಕ್ಕೆ ಎಂಬ ಹಟ ಬೇರೆ. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ದಾರಿಯುದ್ದಕ್ಕೂ ಹಂತಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು. ಅಳು ಬಂದಾಗಲೆಲ್ಲ ಮತ್ತೆ ಮೊದಲಿಂದ ಶುರುಮಾಡಿದಳು.

ಮನೆಗೆ ಬಂದವಳು ಬಾಗಿಲು ಮುಚ್ಚಿದಳು. ಫೋನು ಆರಿಸಿದಳು. ಅಮ್ಮನೆದುರು ಕುರ್ಚಿ ಎಳೆದುಕೊಂಡು ಕೂತಳು. ಹುಚ್ಚು ಹುಡುಗಿ, ಅಮ್ಮನನ್ನು ತಬ್ಬಿಕೊಂಡು ಅತ್ತುಬಿಡಬಹುದಿತ್ತು. ಅವಳಿಗೆ ಅದೊಂದು ಹೊಳೆಯಲೇ ಇಲ್ಲ.

ಅಮ್ಮನಿಗೆ ಕುರ್ಚಿಯ ಸದ್ದು ಕೇಳಿಯೇ ಖುಷಿಯಾಯಿತು.

"ಇರು, ಇದೊಂದು ಗುಂಡಿ ಹಾಕಿಬಿಡ್ತೀನಿ," ಎಂದಳು. ದಾರವನ್ನು ಹಲ್ಲಿನಿಂದ ಕಡಿದು ತಲೆ ಎತ್ತಿದಳು. "ಹೂಂ, ಇವತ್ತು ನಾನು ಯಾರು?"

"ಇವತ್ತು ನೀನು ನೀನೇ, ಅಮ್ಮ."

ಅಮ್ಮನ ಮುಖದಲ್ಲಿ ನಗು ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವಳು ಸೂಜಿಯನ್ನು ನಿಧಾನವಾಗಿ ಬಟ್ಟೆಗೆ ಚುಚ್ಚಿಟ್ಟು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಗಳು ಬಾಯಿ ತೆರೆದಳು. ಬಸ್ಸಿನಲ್ಲಿ ನೀರು ಕುಡಿದಷ್ಟು ಸಲೀಸಾಗಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಅಮ್ಮನೇ ಮೊದಲ ಸಾಲು ಎತ್ತಿಕೊಟ್ಟಳು.

"ನಂಗೆ ಏನು ಗೊತ್ತಿದೆ ಅಂತ ನೀನು ಕೇಳ್ಬೇಕು."

"ಏನು ಗೊತ್ತಮ್ಮ ನಿಂಗೆ?"

"ನೀನು ಆವತ್ತು ನನ್ನ ಕಣ್ಣು ನೋಡಿದ್ಯಲ್ಲ, ನಿನ್ನ ಮುಖ ನೋಡಿನೇ ಗೊತ್ತಾಯ್ತು. ಕಾಮಾಲೆಗೆ ಯಾರೂ ಹಾಗೆ ಹೆದರಲ್ಲ. ಮುಂದೆ ಹೇಳು, ಕಂದ."

ಹೇಳಿದಳು. ಗಡ್ಡೆ, ಹರಡಿದ್ದು, ಕೆಲವು ತಿಂಗಳು. ಇನ್ನು ಸುಮ್ಮನಿರಬೇಕಾದ ಹೊತ್ತು. ಅವಳಿಂದ ಆಗಲಿಲ್ಲ.

"ಏನೂ ಆಗಲ್ಲಮ್ಮ. ನಾನಿದೀನಿ, ಏನೂ ಆಗಲ್ಲ," ಎಂದು ಅಂದದ್ದನ್ನೇ ಅನ್ನುತ್ತ ಅಮ್ಮನ ಮೊಣಕಾಲಿಗೆ ತಲೆ ಒತ್ತಿದಳು.

ಅಮ್ಮ ಈ ಸಲ ತಪ್ಪು ಹಿಡಿಯಲಿಲ್ಲ. ಯಾರು ಯಾರದೋ ಇಲ್ಲದ ಗಂಡಂದಿರಿಗಾಗಿ ಬೀದಿಗೆ ಕೇಳುವ ಹಾಗೆ ಅತ್ತವಳ ಕಣ್ಣಿಂದ ತನಗಾಗಿ ಎರಡು ಹನಿ ಜಾರಿದವು, ಅಷ್ಟೇ. ಅವಳು ಮಗಳ ಕೂದಲಲ್ಲಿ ಬೆರಳಾಡಿಸುತ್ತ ಬಹಳ ಹೊತ್ತು ಕೂತಳು. ಆ ಬೆರಳುಗಳು ಎಷ್ಟು ಹಗುರವಾಗಿವೆ ಎಂದು ಮಗಳಿಗೆ ಆಗ ಗೊತ್ತಾಯಿತು.

"ನಿಮ್ಮಪ್ಪಂಗೆ ನಾನೇ ಹೇಳ್ತೀನಿ," ಎಂದಳು ಅಮ್ಮ. "ನಿನ್ನ ಕೈಲಿ ಇನ್ನೊಂದು ಸಲ ಆಗಲ್ಲ. ಅವರು ಊಟ ಮಾಡ್ಲಿ, ಆಮೇಲೆ ಹೇಳೋಣ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಇಡೀ ದಿನ ಬಸ್ಸಿನ ಸ್ಟಿಯರಿಂಗ್ ತಿರುಗಿಸಿ ಭುಜ ಜೋತುಬಿದ್ದ ಅಪ್ಪ, ಎದುರುಬದುರು ಕುರ್ಚಿ, ಇಬ್ಬರ ಒದ್ದೆ ಮುಖ ಎಲ್ಲವನ್ನೂ ಒಂದೇ ನೋಟದಲ್ಲಿ ಕಂಡ. ಅವನ ದಣಿವೆಲ್ಲ ಇಳಿದುಹೋಯಿತು. ತಾಲೀಮಿನ ಸಂಜೆಗಳಲ್ಲೆಲ್ಲ ತಾಯಿ ಮಗಳ ನಗು ಕೇಳುತ್ತ ಆಚೆ ಕೋಣೆಯಲ್ಲಿ ಒಬ್ಬನೇ ಉಳಿದವನು ಅವನು. ಬೂಟು ಕೂಡ ಬಿಚ್ಚದೆ ಮೂಲೆಯ ಸ್ಟೂಲನ್ನು ಎಳೆದು ನಡುವೆ ಹಾಕಿಕೊಂಡ.

"ಇವತ್ತು ನಾನೂ ಸೇರ್ಕೊಳ್ತೀನಿ. ಎಷ್ಟು ದಿನ ಇವಳೊಬ್ಬಳೇ ಅಳೋದು? ಹೇಳಿ ಡಾಕ್ಟ್ರೇ, ನಮ್ಮ ಮನೆಯವಳಿಗೆ ಏನಾಗಿದೆ?"

ಮಗಳು ಅಮ್ಮನನ್ನು ನೋಡಿದಳು. ಊಟದ ತನಕ ಕಾಯುವ ಹಾಗಿರಲಿಲ್ಲ. ಅಮ್ಮ ಗಂಡನ ಕೈ ಹಿಡಿದುಕೊಂಡಳು. ಪಾಠದ ಯಾವ ಹಂತವೂ ಇಲ್ಲದೆ, ಪೀಠಿಕೆಯಿಲ್ಲದೆ ಹೇಳಿದಳು.

"ಕ್ಯಾನ್ಸರ್ ಅಂತೆ ರೀ. ವಾಸಿ ಆಗಲ್ವಂತೆ."

ಅಪ್ಪ ಇನ್ನೊಂದು ಕೈಯಿಂದ ಎದೆ ಬಡಿದುಕೊಂಡ. ತಲೆ ಹಿಂದಕ್ಕೆ ವಾಲಿಸಿ, ಅಯ್ಯೋ ನನ್ನೊಬ್ಬನ್ನೇ ಬಿಟ್ಟು ಹೋಗ್ತೀಯೇನೇ ಎಂದು ರಾಗ ತೆಗೆದು ಅತ್ತ. ಮೊದಲ ಸಲಕ್ಕೆ ಚೆನ್ನಾಗಿಯೇ ಅತ್ತ. ಅಳುತ್ತಲೇ ಓರೆಗಣ್ಣಲ್ಲಿ ಇಬ್ಬರನ್ನೂ ನೋಡಿದ, ನಗುತ್ತಾರೆಂದು. ಯಾರೂ ನಗಲಿಲ್ಲ. ರಾಗ ಅರ್ಧಕ್ಕೆ ನಿಂತಿತು. ಹೆಂಡತಿ ಹಿಡಿದ ಕೈಯನ್ನು ಬಿಟ್ಟಿರಲಿಲ್ಲ. ಅವನು ಆ ಕೈ ನೋಡಿದ, ಅವಳ ಹಳದಿ ಕಣ್ಣು ನೋಡಿದ, ಕೊನೆಗೆ ಮಗಳ ಕಡೆ ತಿರುಗಿದ.

"ಇದು ನಿನ್ನ ಪರೀಕ್ಷೆಗೆ ತಾನೇ, ಮಗಳೇ?"

ಹೂಂ ಎಂದುಬಿಡಲೇ ಎಂದು ಅವಳಿಗೆ ಅನಿಸಿತು. ಅಷ್ಟಂದರೆ ಅಪ್ಪ ಎದ್ದು ಬೂಟು ಬಿಚ್ಚುತ್ತಾನೆ, ಕೈತೊಳೆದು ಊಟಕ್ಕೆ ಕೂರುತ್ತಾನೆ, ಈ ಒಂದು ಸಂಜೆಯಾದರೂ ಅವನಿಗೆ ಉಳಿಯುತ್ತದೆ. ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ.

"ಅಲ್ಲಪ್ಪ," ಎಂದಳು.