ಮೂವತ್ತೆರಡನೆಯ ಸ್ನಾನ

ನೀರಿನ ಮೇಲೆ ಹದಿನಾಲ್ಕು ಟೋಪಿಗಳು. ಮಿರ್ಸಿನಿ ದಡದಲ್ಲಿ ನಿಂತು ಅವನ್ನು ಎಡದಿಂದ ಬಲಕ್ಕೆ ಎಣಿಸಿದಳು, ಆಮೇಲೆ ಬಲದಿಂದ ಎಡಕ್ಕೆ. ಹದಿನಾಲ್ಕೇ. ಎರಡು ನಿಮಿಷಕ್ಕೊಮ್ಮೆ ಹೀಗೆ ಎಣಿಸದಿದ್ದರೆ ಅವಳಿಗೆ ಉಸಿರು ಸರಿಯಾಗಿ ಆಡುತ್ತಿರಲಿಲ್ಲ. ಟೋಪಿಗಳ ಕೆಳಗೆ ಇದ್ದವರೆಲ್ಲ ಅರವತ್ತೈದು ದಾಟಿದ ಹೆಂಗಸರು. ಯಾರಾದರೂ ಒಬ್ಬರು ಕಾಲು ಜಾರಿ ಮುಳುಗಿ, ಟೋಪಿ ಮಾತ್ರ ತೇಲುತ್ತಾ ಉಳಿದರೆ? ಈ ಯೋಚನೆ ಬೇಸಿಗೆಯಿಡೀ ಅವಳನ್ನು ದಡಕ್ಕೆ ಕಟ್ಟಿಹಾಕಿತ್ತು.

"ಮೊಣಕಾಲು ಮೇಲೆ! ಆರ್ಗಿರೊ ಅತ್ತೆ, ಮಾತು ಕಡಿಮೆ, ಮೊಣಕಾಲು ಜಾಸ್ತಿ!"

"ಎತ್ತಿದ್ದೀನಿ ಕಣೇ, ನೀರೊಳಗಿದೆ, ನಿಂಗೆ ಕಾಣಲ್ಲ!"

"ಅವಳು ಎತ್ತಿರೋದು ನಾಲಿಗೆ," ಎಂದಳು ಪಕ್ಕದ ಝಂಬೆತಾ. "ಅದು ಆಚೆ ದಡಕ್ಕೂ ಕಾಣುತ್ತೆ."

ಹದಿನಾಲ್ಕು ಟೋಪಿಗಳೂ ನಗುವಿಗೆ ಅಲುಗಾಡಿದವು.

ಕೊರಿಂಥ್ ಕೊಲ್ಲಿಯ ಆ ಊರಿನಲ್ಲಿ ಹೆಂಗಸರು ಬೇಸಿಗೆಯ ಬೆಳಗ್ಗೆ ಕುತ್ತಿಗೆಯವರೆಗೆ ಸಮುದ್ರದಲ್ಲಿ ನಿಂತು ಗಂಟೆಗಟ್ಟಲೆ ಹರಟುವುದು ಹೊಸದೇನಲ್ಲ. ಅದನ್ನೇ ವ್ಯಾಯಾಮವಾಗಿಸಬಹುದು ಎಂದು ಹೊಳೆದದ್ದು ಮಾತ್ರ ಮಿರ್ಸಿನಿಗೆ. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದ ಮೇಲೆ ಹತ್ತು ವರ್ಷ ಅವಳು ದ್ವೀಪದಿಂದ ದ್ವೀಪಕ್ಕೆ, ಹೋಟೆಲಿನಿಂದ ಹೋಟೆಲಿಗೆ ಅಲೆದಿದ್ದಳು. ಜಿಮ್‌ಗಳಲ್ಲಿ ಟವೆಲ್ ಮಡಚಿದ್ದಳು, ಬಿಸಿಲಿಗೆ ಕೆಂಪಾದ ಪ್ರವಾಸಿಗರಿಗೆ ಕೈಕಾಲು ಚಾಚುವುದನ್ನು ಹೇಳಿಕೊಟ್ಟಿದ್ದಳು. ಅಕ್ಟೋಬರ್ ಬಂದರೆ ಹೋಟೆಲುಗಳಿಗೆ ಬೀಗ. ಅವಳು ಪೆಟ್ಟಿಗೆ ಹಿಡಿದು ಅಮ್ಮನ ಮನೆಗೆ. "ನಿನ್ನ ಮಾವನ ಔಷಧಿ ಅಂಗಡೀಲಿ ಒಂದು ಜಾಗ ಇದೆ," ಎಂದು ಅಮ್ಮ ಪ್ರತಿ ಅಕ್ಟೋಬರಿನಲ್ಲೂ ಹೇಳುತ್ತಿದ್ದಳು. ಈಗ ಮಿರ್ಸಿನಿಗೆ ಮೂವತ್ತನಾಲ್ಕು ತುಂಬಿತ್ತು.

ಈ ವರ್ಷ ಪುರಸಭೆ, ಹಿರಿಯರಿಗಾಗಿ ವರ್ಷವಿಡೀ ಇರುವ ಒಬ್ಬ ವ್ಯಾಯಾಮ ಶಿಕ್ಷಕಿಯನ್ನು ನೇಮಿಸಲು ಹೊರಟಿತ್ತು. ಬೇಸಿಗೆಯಲ್ಲಿ ಸಮುದ್ರ, ಚಳಿಗಾಲದಲ್ಲಿ ಶಾಲೆಯ ಹಾಲ್. ಮೊದಲು ಪರೀಕ್ಷೆಗೆಂದು ಒಂದು ಬೇಸಿಗೆ. ಕ್ರೀಡಾ ವಿಭಾಗದ ಮುಖ್ಯಸ್ಥ ಗಾಲಾನಿಸ್ ಅವಳಿಗೆ ನೇರವಾಗಿಯೇ ಹೇಳಿದ್ದರು: "ಕಾಗದದ ಮೇಲೆ ನಡೆಯೋ ತರಗತಿಗಳನ್ನ ನಾನು ಬೇಕಾದಷ್ಟು ನೋಡಿದ್ದೀನಮ್ಮ. ಆಗಸ್ಟ್ ಕೊನೇಲಿ ಒಂದು ದಿನ ಬರ್ತೀನಿ. ನೀರಲ್ಲಿ ಜನ ಇದ್ದರೆ ಕೆಲಸ ನಿನ್ನದು. ಇಲ್ಲದಿದ್ದರೆ ಹುದ್ದೇನೇ ಬೇಡ ಅಂತ ಬರೀತೀನಿ."

ಆ ದಿನ ಇವತ್ತು. ಹತ್ತು ಗಂಟೆಗೆ ಬರಬೇಕಿತ್ತು. ಹತ್ತೂಕಾಲಿಗೆ ಫೋನ್ ಬಂತು. ಬೇರೊಂದು ಸಭೆ ಮುಗಿದಿಲ್ಲ, ನಾಳೆ ಹತ್ತಕ್ಕೆ ಖಂಡಿತ, ಎಂದರು ಗಾಲಾನಿಸ್.

ಮಿರ್ಸಿನಿಗೆ ನಿಜವಾಗಿ ಸಮಾಧಾನವೇ ಆಯಿತು. ಒಂದು ದಿನ ಹೆಚ್ಚು ಅಭ್ಯಾಸ ಸಿಕ್ಕಿತು. ಕೈಯನ್ನು ಬಾಯಿಗೆ ಅಡ್ಡಹಿಡಿದು ಕೂಗಿದಳು: "ಅತ್ತೆಯರೇ, ಸಾಹೇಬರು ನಾಳೆ ಬರ್ತಾರಂತೆ! ನಾಳೆ ಇದೇ ಹೊತ್ತಿಗೆ!"

ನೀರಿನ ಮೇಲಿನ ಹರಟೆ ತಟ್ಟನೆ ನಿಂತಿತು.

ಹಳದಿ ಟೋಪಿಯ ಪೊಲಿಕ್ಸೆನಿ ನಿಧಾನವಾಗಿ ದಡದ ಕಡೆ ತಿರುಗಿದಳು. ಎಪ್ಪತ್ತೆಂಟರ ಹೆಂಗಸು. ದ್ರಾಕ್ಷಿ ಒಣಗಿಸುವ ಕಟ್ಟೆಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದವಳು. ನೀರಿನಲ್ಲೂ ಅವಳ ಮಾತನ್ನು ಯಾರೂ ಮೀರುತ್ತಿರಲಿಲ್ಲ.

"ನಾಳೆ ಯಾರು ಬರ್ತಾರೆ ಮಗಳೇ? ಇವತ್ತಿಗೆ ಮೂವತ್ತೊಂದಾಯ್ತಲ್ಲ."

ಸ್ನಾನದ ಲೆಕ್ಕ! ಮಿರ್ಸಿನಿಯ ಅಜ್ಜಿಯೂ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದಳು. ಸಮುದ್ರಸ್ನಾನ ಬೆಸ ಸಂಖ್ಯೆಗೇ ನಿಲ್ಲಬೇಕು: ಇಪ್ಪತ್ತೊಂದು, ಮೂವತ್ತೊಂದು, ಕೈಯಲ್ಲಾದರೆ ನಲವತ್ತೊಂದು. ಸಮಕ್ಕೆ ನಿಂತರೆ ಚಳಿಗಾಲದಲ್ಲಿ ಕೀಲುಗಳು ಸೇಡು ತೀರಿಸಿಕೊಳ್ಳುತ್ತವೆ. ತರಗತಿ ತಪ್ಪಿಸಿಕೊಂಡವರು ಅದೇ ಸಂಜೆ ಒಬ್ಬೊಬ್ಬರೇ ಬಂದು ನೀರಿಗಿಳಿದು ಹೋಗುತ್ತಿದ್ದುದನ್ನು ಅವಳು ನೋಡಿದ್ದಳು. ತನ್ನ ತರಗತಿಯ ಮೇಲಿನ ಪ್ರೀತಿ ಅಂದುಕೊಂಡಿದ್ದಳು; ಅದು ಎಲ್ಲರ ಲೆಕ್ಕ ಒಂದೇ ಇರಲೆಂದು.

ಗಾಬರಿಯಲ್ಲಿ ಬಾಯಿ ಜಾರಿತು. "ಒಂದು ಹೆಚ್ಚಾದರೆ ಏನಾಗುತ್ತೆ ಅತ್ತೆ? ಸಮುದ್ರಕ್ಕೇನು ಎಣಿಸೋಕೆ ಬರುತ್ತಾ?"

"ನನ್ನ ತಂಗಿ ಫೋತಿನಿ ಒಂದು ವರ್ಷ ಇಪ್ಪತ್ತೆರಡಕ್ಕೆ ನಿಲ್ಲಿಸಿದಳು," ಎಂದಳು ಆರ್ಗಿರೊ, ಯಾವತ್ತೂ ಇಲ್ಲದ ಮೆಲುದನಿಯಲ್ಲಿ. "ನವೆಂಬರಿಗೆ ಹಾಸಿಗೆ ಹಿಡಿದಳು. ಮತ್ತೆ ಏಳಲಿಲ್ಲ."

"ಹಾಗಾದರೆ ನಾಳೆ, ನಾಡಿದ್ದು ಎರಡೂ ದಿನ ಬನ್ನಿ. ಮೂವತ್ತಮೂರಾಗುತ್ತೆ."

ಪೊಲಿಕ್ಸೆನಿ ಪಶ್ಚಿಮಕ್ಕೆ ಗದ್ದ ಎತ್ತಿ ತೋರಿಸಿದಳು. ಬೆಟ್ಟಗಳ ಮೇಲೆ ತೆಳ್ಳನೆಯ ಬೂದು ಪಟ್ಟಿ. "ನಾಡಿದ್ದು ಬಿರುಗಾಳಿ. ಆಮೇಲೆ ಮಳೆ. ಮೂವತ್ತೆರಡಕ್ಕೆ ಸಿಕ್ಕಿಹಾಕಿಕೊಂಡು ಇಡೀ ಚಳಿಗಾಲ ಕೂತಿರಬೇಕಾ?"

ಅವರು ಒಬ್ಬೊಬ್ಬರಾಗಿ ಮೇಲೆ ಬಂದರು. ಟವೆಲಿನ ಮರೆಯಲ್ಲಿ ಒದ್ದೆ ಬಟ್ಟೆ ಬದಲಿಸಿದರು, ಪರಸ್ಪರ ಕೆನ್ನೆಗೆ ಮುತ್ತಿಟ್ಟರು. "ಒಳ್ಳೆ ಚಳಿಗಾಲ, ಝಂಬೆತಾ." "ಒಳ್ಳೆ ಚಳಿಗಾಲ ಕಣೇ." ವರ್ಷದ ಕೊನೆಯ ಸ್ನಾನದ ಮೇಲೆ ಎಲ್ಲರೂ ಹೇಳುವ ಮಾತು ಅದು, ಮುಂದಿನ ಬೇಸಿಗೆಯವರೆಗೆ ಬೀಳ್ಕೊಡುಗೆ. ಕಲ್ಲುಗಳ ಮೇಲೆ ಚಪ್ಪಲಿಗಳ ಸದ್ದು ದೂರವಾಯಿತು. ಅಕ್ಟೋಬರ್ ಒಂದು ತಿಂಗಳು ಮುಂಚೆಯೇ ಬಂದ ಹಾಗೆ ಮಿರ್ಸಿನಿಗೆ ಅನ್ನಿಸಿತು.

ಮಧ್ಯಾಹ್ನದ ನಿದ್ದೆಯ ಹೊತ್ತು ಮುಗಿಯುವವರೆಗೆ ಕಾದು ಅವಳು ಪೊಲಿಕ್ಸೆನಿಯ ಮನೆಗೆ ಹೋದಳು. ಮುದುಕಿ ಬಾಲ್ಕನಿಯಲ್ಲಿ ಅಂಜೂರದ ಹಣ್ಣುಗಳನ್ನು ಸೀಳಿ ಬಿಸಿಲಿಗೆ ಹರಡುತ್ತಿದ್ದಳು. ಕೂರು ಅನ್ನಲಿಲ್ಲ.

"ಬೆಳಗ್ಗೆ ನಾನು ಹಾಗೆ ಮಾತಾಡಬಾರದಿತ್ತು ಅತ್ತೆ. ಆರ್ಗಿರೊ ಅತ್ತೆಗೂ ಹೇಳಿ ಬಂದೆ."

"ಹ್ಞೂಂ."

"ಒಂದು ಕೇಳಬೇಕಿತ್ತು." ಈ ಪ್ರಶ್ನೆಯನ್ನು ಅವಳು ದಾರಿಯುದ್ದಕ್ಕೂ ನಾಲಿಗೆಯ ಮೇಲೆ ತೂಗಿ ನೋಡಿದ್ದಳು. "ಒಂದು ಸ್ನಾನ ಅಂದರೆ ಎಷ್ಟು? ಎಲ್ಲಿ ಶುರು, ಎಲ್ಲಿ ಮುಗೀತು?"

ಪೊಲಿಕ್ಸೆನಿಯ ಚಾಕು ನಿಂತಿತು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಅವಳು ಕಂಬಿಯಿಂದಾಚೆ ಬಗ್ಗಿ ಎದುರುಮನೆಗೆ ಕೂಗಿದಳು.

"ಝಂಬೆತಾ! ಸ್ನಾನ ಯಾವಾಗ ಮುಗೀತು ಅನ್ನೋದು?"

ಕಿಟಕಿಯಲ್ಲಿ ಝಂಬೆತಾ ತಲೆ ಹಾಕಿದಳು. "ಕೂದಲು ಒಣಗಿದಾಗ."

"ನಿನ್ನ ಕೂದಲು ಯಾವತ್ತು ಒದ್ದೆ ಆಗಿದೆಯೇ? ಟೋಪಿ ತೆಗೆದಿದ್ದೀಯಾ ಒಂದು ದಿನವಾದ್ರೂ?"

"ಹಾಗಾದ್ರೆ ಕಾಫಿ ಕುಡಿದಾಗ."

"ಕಾಫಿ ಕುಡಿಯದವರ ಗತಿ?"

"ಅವರು ಸ್ನಾನ ಮಾಡಿ ಏನು ಪ್ರಯೋಜನ!"

ಕೊನೆಗೆ ಪೊಲಿಕ್ಸೆನಿಯೇ ತೀರ್ಪು ಕೊಟ್ಟಳು. ನೀರಿನಿಂದ ಹೊರಗೆ ಬಂದು, ಮೈ ಒರೆಸಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿಕೊಂಡರೆ ಅದು ಒಂದು ಸ್ನಾನ. ಆಮೇಲೆ ಮತ್ತೆ ಇಳಿದರೆ ಬೇರೆ ಸ್ನಾನ.

"ಒಂದೇ ಬೆಳಗ್ಗೆ ಎರಡು ಆಗಬಹುದಾ?" ಮಿರ್ಸಿನಿ ಬೆರಳು ಮಡಚಿದಳು. "ಮೂವತ್ತೆರಡು, ಮೂವತ್ತಮೂರು. ಗಾಳಿ ಬರೋದಕ್ಕೆ ಮುಂಚೆ."

ಮುದುಕಿ ಇನ್ನೊಂದು ಅಂಜೂರ ಸೀಳಿದಳು. ತುಟಿಯಂಚಿನಲ್ಲಿ ಏನೋ ಅಲುಗಿತು.

"ಎಲ್ಲರ ಹತ್ರ ಎರಡೆರಡು ಈಜುಡುಗೆ ಇದೆಯೋ ಇಲ್ವೋ. ಆರ್ಗಿರೊಗೆ ನನ್ನದೊಂದು ಕೊಡಬೇಕು, ಅದರೊಳಗೆ ಅವಳು ತೂರಬೇಕು." ಒಂದು ಅಂಜೂರವನ್ನು ಮಿರ್ಸಿನಿಯ ಕೈಗಿಟ್ಟಳು. "ಆದರೆ ಎರಡನೇದಕ್ಕೆ ನೀನೂ ಇಳೀಬೇಕು. ಬೇಸಿಗೆಯೆಲ್ಲ ದಡದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೀಯ. ನಿನ್ನ ನೋಡಿ ನೋಡಿ ನಮಗೆ ಸುಸ್ತಾಗುತ್ತೆ."

"ನಾನು ಇಳಿದರೆ ನಿಮ್ಮನ್ನ ನೋಡೋರು ಯಾರು?"

"ನೀನು ಹುಟ್ಟೋದಕ್ಕೆ ಮುಂಚೆ ಯಾರು ನೋಡ್ತಿದ್ರು?"

ಮಾರನೆಯ ದಿನ ಒಂಬತ್ತಕ್ಕೇ ಹದಿನಾಲ್ಕು ಟೋಪಿಗಳು ನೀರಿನಲ್ಲಿದ್ದವು. ಬೂದು ಪಟ್ಟಿ ಅರ್ಧ ಆಕಾಶ ತಿಂದಿತ್ತು. ಮಿರ್ಸಿನಿಯ ಎಣಿಕೆ ಹೀಗಿತ್ತು: ಮೊದಲನೆಯದು ಒಂಬತ್ತೂವರೆಗೆ ಮುಗಿಯಬೇಕು, ಗಾಲಾನಿಸ್ ಬರುವ ಹೊತ್ತಿಗೆ ಎರಡನೆಯದು ಶುರುವಾಗಬೇಕು. ಆದರೆ ಅವರು ಹತ್ತು ನಿಮಿಷ ಮುಂಚೆಯೇ ಬಂದರು. ಕಾರಿನಿಂದ ಇಳಿದಾಗ ಅವರಿಗೆ ಕಂಡದ್ದು ಖಾಲಿ ಸಮುದ್ರ, ದಡದಲ್ಲಿ ಟವೆಲ್ ಸುತ್ತಿಕೊಂಡು ಕಾಫಿ ಹೀರುತ್ತಿದ್ದ ಹೆಂಗಸರು.

"ಮುಗಿದೇಹೋಯ್ತಾ?" ಗಾಲಾನಿಸ್ ಗಡಿಯಾರ ನೋಡಿದರು. "ಹತ್ತಕ್ಕೆ ಅಂದಿದ್ದೆನಲ್ಲ."

"ಒಂದು ಮುಗೀತು ಸಾರ್. ಇನ್ನೊಂದಿದೆ. ಸ್ವಲ್ಪ..."

"ಹನ್ನೊಂದಕ್ಕೆ ನಾನು ಪಾತ್ರಾ ಪಟ್ಟಣದಲ್ಲಿ ಇರಬೇಕಮ್ಮ."

ಆರ್ಗಿರೊ ಇನ್ನೂ ಟವೆಲಿನ ಮರೆಯಲ್ಲಿ ಪೊಲಿಕ್ಸೆನಿಯ ಈಜುಡುಗೆಯ ಜೊತೆ ಗುದ್ದಾಡುತ್ತಿದ್ದಳು. ಇಬ್ಬರು ಅತ್ತಿತ್ತ ಹಿಡಿದು ಎಳೆಯುತ್ತಿದ್ದರು. ಗಾಲಾನಿಸ್ ಕಾರಿನ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಪೊಲಿಕ್ಸೆನಿ ಅಡ್ಡ ಬಂದು ಅವರ ಕೈಗೆ ಅಂಜೂರ ತುರುಕಿದಳು.

"ತಿನ್ನಪ್ಪ. ಒದ್ದೆ ಬಟ್ಟೇಲಿ ನಿಂತರೆ ಸೊಂಟ ಹಿಡಿಯುತ್ತೆ, ನಿಮ್ಮಮ್ಮ ಹೇಳಿಕೊಟ್ಟಿಲ್ವಾ? ಐದು ನಿಮಿಷ."

ಗಾಲಾನಿಸ್ ತಿಂದರು. ಬೇರೆ ದಾರಿ ಇರಲಿಲ್ಲ.

"ತೂರಿದೆ!" ಎಂದು ಆರ್ಗಿರೊ ಕೂಗಿದಳು. ಹದಿನಾಲ್ಕು ಹೆಂಗಸರು ಒಣ ಈಜುಡುಗೆಯಲ್ಲಿ, ಟೋಪಿ ಸರಿಮಾಡಿಕೊಂಡು, ಎರಡನೆಯ ಸಲ ಸಮುದ್ರಕ್ಕೆ ನಡೆದರು. ಮಿರ್ಸಿನಿ ಬೂಟು ಕಳಚಿದಳು, ಹಾಕಿಕೊಂಡ ಬಟ್ಟೆಯಲ್ಲೇ ಅವರ ಹಿಂದೆ ಇಳಿದಳು.

ನೀರು ಕುತ್ತಿಗೆಗೆ ಬಂದಾಗ ಅವಳಿಗೆ ದಿಗಿಲಾಯಿತು. ಗಾಳಿ ಎದ್ದಿತ್ತು, ಅಲೆಗಳು ಮೊದಲಿಗಿಂತ ಎತ್ತರ. ಇಲ್ಲಿಂದ ಕಾಣುತ್ತಿದ್ದದ್ದು ಮೂರೇ ಟೋಪಿ. ಉಳಿದವರು ಎಲ್ಲಿ? ಕಣ್ಣಿಗೆ ಆಗದ್ದನ್ನು ಕಿವಿಗಾದರೂ ಬಿಡಬೇಕಿತ್ತು.

"ಒಬ್ಬೊಬ್ಬರಾಗಿ ನಂಬರ್ ಕೂಗಿ!" ಅವಳು ಗಾಳಿಯನ್ನು ಮೀರಿಸಿ ಕಿರುಚಿದಳು. "ಕೂಗಿದಾಗ ಎಲ್ಲರೂ ಮೊಣಕಾಲು ಎತ್ತಬೇಕು! ಪೊಲಿಕ್ಸೆನಿ ಅತ್ತೆ, ನೀವು ಶುರು!"

"ಒಂದು!" ದ್ರಾಕ್ಷಿ ಕಟ್ಟೆಯ ಹಳೆಯ ದನಿ ನೀರಿನ ಮೇಲೆ ಹಾದುಬಂತು.

"ಎರಡು!" ಝಂಬೆತಾ. "ಮೂರು!" ಅಲೆಯ ಹಿಂದಿನಿಂದ ಯಾರೋ. ಪ್ರತಿ ದನಿಗೂ ನೀರು ಒಟ್ಟಿಗೆ ಕುದಿಯಿತು, ನೊರೆ ಎದ್ದಿತು. ಮಿರ್ಸಿನಿಗೆ ತೊಡೆಗಳ ಮೇಲೆ ನೀರಿನ ಆ ನೂಕು ಗೊತ್ತಾಗುತ್ತಿತ್ತು. ಸುತ್ತಲೂ ಇಪ್ಪತ್ತೆಂಟು ಮೊಣಕಾಲು ಸಮುದ್ರವನ್ನು ಒದೆಯುತ್ತಿದ್ದವು. ದಡದಲ್ಲಿ ನಿಂತು ಬೇಸಿಗೆಯಿಡೀ ಅವಳಿಗೆ ಕಾಣದೆ ಇದ್ದದ್ದು ಇದು. ಆರ್ಗಿರೊ ನಿಜವಾಗಿಯೂ ಎತ್ತುತ್ತಿದ್ದಳು!

"ಹದಿಮೂರು!"

"ಹದಿನಾಲ್ಕು!"

ಎಲ್ಲರೂ ಇದ್ದರು. ಅವಳು ಉಸಿರುಬಿಟ್ಟಳು.

"ಸಮಕ್ಕೆ ನಿಲ್ಲಿಸ್ತೀಯೇನೇ?" ಪೊಲಿಕ್ಸೆನಿ ಗದರಿದಳು. "ನೀನೂ ಕೂಗು!"

"ಹದಿನೈದು!" ಎಂದು ಮಿರ್ಸಿನಿ ಕೂಗಿದಳು. ಗಂಟಲು ಹರಿಯುವಷ್ಟು ಜೋರಾಗಿ. ಮತ್ತೆ ಒಂದರಿಂದ ಶುರುವಾಯಿತು, ಮತ್ತೆ ಹದಿನೈದು, ಮತ್ತೆ. ದಡದ ಕಾಫಿ ಅಂಗಡಿಯ ಗಂಡಸರು ಇಸ್ಪೀಟು ಬಿಟ್ಟು ಎದ್ದು ಬಂದು ಸಾಲಾಗಿ ನಿಂತಿದ್ದರು.

ಅವಳು ತೊಟ್ಟಿಕ್ಕುತ್ತಾ ಮೇಲೆ ಬಂದಾಗ ಗಾಲಾನಿಸ್ ಪ್ಯಾಂಟು ಮಡಚಿಕೊಂಡು ಪಾದ ಮುಳುಗುವ ನೀರಿನಲ್ಲಿದ್ದರು. ಬೂಟು ಕೈಯಲ್ಲಿತ್ತು.

"ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ," ಎಂದರು. "ಜನ ಒಂದು ಸಲ ಬರೋದೇ ಕಷ್ಟ. ಬಟ್ಟೆ ಬದಲಿಸಿಕೊಂಡು ಎರಡನೇ ಸಲ ಇಳಿದವರನ್ನ ನೋಡಿದ್ದು ಇದೇ ಮೊದಲು. ಇದನ್ನ ಹೇಗೆ ಮಾಡಿಸಿದೆ?"

ಮಿರ್ಸಿನಿ ಒದ್ದೆ ಕೂದಲು ಹಿಂಡಿಕೊಂಡಳು. "ನಾನು ಅವರನ್ನ ಕೇಳಿದೆ ಸಾರ್, ಅಷ್ಟೇ."

"ಸೋಮವಾರ ಬಂದು ಸಹಿ ಹಾಕು. ಹಾಲ್‌ನ ಬೀಗದ ಕೈಯೂ ಅವತ್ತೇ ತಗೋ." ಕಾರಿನ ಹತ್ತಿರ ಹೋದವರು ತಿರುಗಿದರು. "ಹನ್ನೆರಡು ತಿಂಗಳೂ, ಗೊತ್ತಾಯ್ತಲ್ಲ?"

ಹೆಂಗಸರು ಮತ್ತೆ ಒಣಗಿದರು, ಮತ್ತೆ ಬದಲಿಸಿದರು. ಆರ್ಗಿರೊಳನ್ನು ಆ ಉಡುಗೆಯಿಂದ ಬಿಡಿಸಲು ಈ ಸಲ ಮೂವರು ಬೇಕಾಯಿತು. ಮೊದಲ ಹನಿಗಳು ಕಲ್ಲುಗಳ ಮೇಲೆ ಬಿದ್ದವು. ಝಂಬೆತಾ ಕೆನ್ನೆ ಚಾಚಿ "ಒಳ್ಳೆ ಚಳಿ..." ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಅದನ್ಯಾಕೆ ಹೇಳಲಿ? ಮಂಗಳವಾರ ಹಾಲ್‌ನಲ್ಲಿ ಸಿಗ್ತೀವಲ್ಲ!"

ಪೊಲಿಕ್ಸೆನಿ ತನ್ನ ಟವೆಲನ್ನು ಮಿರ್ಸಿನಿಯ ಹೆಗಲ ಮೇಲೆ ಹಾಕಿದಳು.

"ನಿನ್ನ ಸ್ನಾನ ಈ ವರ್ಷ ಎಷ್ಟಾಯ್ತು?"

"ಒಂದು ಅತ್ತೆ."

"ಬೆಸ," ಎಂದಳು ಮುದುಕಿ ತೃಪ್ತಿಯಿಂದ. "ಇನ್ನು ಇಳೀಬೇಡ. ಹೋಗಿ ಬಟ್ಟೆ ಬದಲಿಸು, ಇಲ್ಲಾಂದ್ರೆ ಲೆಕ್ಕಕ್ಕೆ ಬರಲ್ಲ."