ಹುಲಿಗೆಮ್ಮನ ಪಡಸಾಲೆಯಲ್ಲಿ ಬಿಚ್ಚಿಕೊಂಡ ಗೇರ್‌ಬಾಕ್ಸ್

ನಾನು ಒಂದು ಗೇರ್‌ಬಾಕ್ಸ್. ಲಾರಿಯ ಹೊಟ್ಟೆಯ ಕೆಳಗೆ, ಇಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವವನು. ನನ್ನ ಜಾತಿಯವರು ಕಡಿಮೆ. ಬೇರೆ ಲಾರಿಗಳಲ್ಲಿ ಡ್ರೈವರು ಎಡಗಾಲಿನಿಂದ ಕ್ಲಚ್ ಒತ್ತಿ ಕೈಯಿಂದ ಗೇರ್ ಹಾಕಬೇಕು. ನನ್ನಲ್ಲಿ ಆ ಕೆಲಸವಿಲ್ಲ. ನನ್ನೊಳಗಿನ ಎಣ್ಣೆಯೇ ದಾರದಷ್ಟು ಸಣ್ಣ ಕಾಲುವೆಗಳಲ್ಲಿ ಓಡಿ, ಬೇಕಾದ ಗೇರನ್ನು ತಾನೇ ಹಿಡಿಯುತ್ತದೆ. ಆಟೋಮೆಟಿಕ್ ಅನ್ನುತ್ತಾರೆ.

ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಅಲ್ಲಿಯದು ನೆನಪಿರುವುದು ಇಷ್ಟೇ: ನೆಲ ಅನ್ನ ಉಣ್ಣುವಷ್ಟು ಚೊಕ್ಕಟ. ಅಲ್ಲಿಂದ ಸಂಡೂರಿನ ಗಣಿಗೆ ಬಂದೆ. ಅಲ್ಲಿ ಗಾಳಿಯೂ ಕೆಂಪು, ಜನರ ಹುಬ್ಬೂ ಕೆಂಪು. ಅದಿರು ಹೊರುವ ಡಂಪರಿನಲ್ಲಿ ಬಹಳ ಕಾಲ ದುಡಿದೆ. ಡ್ರೈವರುಗಳ ಮುಖ ನೋಡಿದವನಲ್ಲ. ಅವರ ಬೂಟಿನ ತಳ ಗೊತ್ತು. ಅವಸರದವನ ಬೂಟು, ಮನೆಯಲ್ಲಿ ಜಗಳವಾಡಿ ಬಂದವನ ಬೂಟು. ಒಂದು ದಿನ ಡಂಪರು ಮಗುಚಿತು. ಡ್ರೈವರು ಉಳಿದ, ಗಾಡಿ ಉಳಿಯಲಿಲ್ಲ. ನನ್ನನ್ನು ಕಳಚಿ ಹೊಸಪೇಟೆಯ ಗುಜರಿಗೆ ಹಾಕಿದರು. ನನ್ನ ಬೆನ್ನಿನ ಮೇಲೆ ಒಂದು ಕೋಳಿ ಸಂಸಾರ ಹೂಡಿತು.

ಅಲ್ಲಿಗೆ ಎರ್ರಿಸ್ವಾಮಿ ಕುಂಟುತ್ತ ಬಂದ. ಅವನೂ ಗಣಿಯ ಡ್ರೈವರೇ. ಅದಿರು ಇಳಿಸುವಾಗ ಲಾರಿಯ ಹಿಂಬಾಗಿಲು ಬಿದ್ದು ಎಡಮಂಡಿ ಹೋಗಿತ್ತು. ಕಾಲು ಉಳಿದಿತ್ತು, ಮಡಚುತ್ತಿರಲಿಲ್ಲ. ಕ್ಲಚ್ ಒತ್ತಲಾರದವನಿಗೆ ಯಾರು ಗಾಡಿ ಕೊಡುತ್ತಾರೆ? ಗಣಿಯವರು ಗೇಟಿನ ಹತ್ತಿರ ಕಾವಲಿಗೆ ಕುರ್ಚಿ ಹಾಕಿಕೊಡುತ್ತೇವೆ ಅಂದರು. ಇವನು ಒಪ್ಪಲಿಲ್ಲ. ಹರಾಜಿನಲ್ಲಿ ಒಂದು ಆಟೋಮೆಟಿಕ್ ನೀರಿನ ಟ್ಯಾಂಕರು ಹಿಡಿದ. ಅದರಲ್ಲಿದ್ದ ನನ್ನದೇ ಜಾತಿಯ ಗೇರ್‌ಬಾಕ್ಸು ಒಡೆದು ಚೂರಾಗಿತ್ತು. ದೀಪಾವಳಿ ಕಳೆದು ಧೂಳು ಏಳುವ ಹೊತ್ತಿಗೆ ಟ್ಯಾಂಕರು ತಂದರೆ, ಗಣಿ ರಸ್ತೆಗೆ ನೀರು ಹೊಡೆಯುವ ಕೆಲಸ ಅವನದು. ತರದಿದ್ದರೆ ಕುರ್ಚಿ.

ಜೊತೆಗಿದ್ದವನು ಮೇಸ್ತ್ರಿ ಖಾಜಾಹುಸೇನ್. ಸಾದಾ ಗೇರ್‌ಬಾಕ್ಸು ಎಷ್ಟೋ ಕಟ್ಟಿದವನು. ನನ್ನಂಥದ್ದನ್ನು ಬೇರೆಯವರು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿದ್ದ, ಅಷ್ಟೆ.

“ದೊಡ್ಡೂರಿನ ವರ್ಕ್‌ಶಾಪಿಗೆ ಕಳ್ಸು ಎರ್ರಿ,” ಅಂದ ಖಾಜಾ.

“ಕೇಳೀನಿ. ಸಂಕ್ರಾಂತಿ ಆದ್ಮ್ಯಾಲೆ ಬಾ ಅಂತಾರ.”

“ಹಂಗಂತ ಇದ್ದಂಗೇ ಕೂಡ್ಸಾಕ ಆಗಲ್ಲ. ಗಣಿ ಏರಿನಾಗ ಇದು ಕೈ ಬಿಟ್ರ ಹಿಂದಕ್ಕ ಬರ್ತಿ, ಸೀದಾ ಕೊಳ್ಳಕ್ಕ.”

“ಹಂಗಾದ್ರ ನೀನೇ ಬಿಚ್ಚು.”

“ಬಿಚ್ಚಾಕ ಮಂಗ್ಯಾನೂ ಬಿಚ್ತೈತಿ!”

ಅಂದರೂ ಖಾಜಾ ಕೋಳಿಯನ್ನು ಓಡಿಸಿ, ನನ್ನ ಅಡಿಯ ತಟ್ಟೆ ಕಳಚಿದ. ಎಣ್ಣೆಯಲ್ಲಿ ಬೆರಳದ್ದಿ ಮೂಸಿದ. ಅಯಸ್ಕಾಂತ ಆಡಿಸಿದ. ಕಬ್ಬಿಣದ ಚೂರು ಸಿಕ್ಕಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿಕ್ಕಿದ್ದು ಕಾಡಿಗೆಯಂಥ ನುಣ್ಣನೆಯ ಮಸಿ.

“ಎಲುಬು ಗಟ್ಟಿ ಐತಿ. ಚರ್ಮ ಸವದೈತಿ,” ಅಂದ. ಒಂದು ಬೀಡಿ ಮುಗಿಸಿದ. “ಕೂಡದಿದ್ರ ಬೈಬಾರ್ದು ನೋಡು.”

“ಬೈತೀನಿ.”

“ಹಂಗಾದ್ರ ಕೂಡಸ್ತೀನಿ.”

ಆದರೆ ಎಲ್ಲಿ? ಖಾಜಾನ ಗ್ಯಾರೇಜಿನಲ್ಲಿ ಸ್ಪ್ಯಾನರು ಎತ್ತಿದರೆ ಅದರ ಗುರುತು ಧೂಳಿನಲ್ಲಿ ಉಳಿಯುತ್ತಿತ್ತು. ನನ್ನ ಕಾಲುವೆಗೆ ಒಂದು ಕಣ ಬಿದ್ದರೂ ಅಣೆಕಟ್ಟು ಕಟ್ಟಿದಂತೆ. ಊರಲ್ಲಿ ಧೂಳಿಲ್ಲದ ಜಾಗ ಒಂದೇ ಇತ್ತು, ಎರ್ರಿಸ್ವಾಮಿಯ ಹೆಂಡತಿ ಹುಲಿಗೆಮ್ಮನ ಪಡಸಾಲೆ.

“ನೆರಳಾಗ ಕುಂತು ಉಣ್ಣಾದು ಬಿಟ್ಟು, ನನ್ನ ಪಡಸಾಲ್ಯಾಗ ಈ ಎಮ್ಮಿ ಮಲಗಸ್ತೀರೇನು?”

“ಆ ಕುರ್ಚ್ಯಾಗ ಕುಂತ್ರ ನಾ ಮತ್ತ ಏಳಂಗಿಲ್ಲ ಹುಲಿಗಿ,” ಅಂದ ಅವನು.

ಅವಳು ಸೆರಗು ಸಿಕ್ಕಿಸಿಕೊಂಡಳು. ಬಕೆಟ್ಟು ತಂದು ನೆಲ ಒರೆಸಿದಳು. ಬಾಗಿಲಿಗೆ ಒದ್ದೆ ಜಮಖಾನ ಕಟ್ಟಿದಳು. ಗ್ಯಾರೇಜಿನ ಹತ್ತಿ ಬಟ್ಟೆ ಎಳೆ ಬಿಡುತ್ತದೆ, ಬೇಡ ಎಂದು ಖಾಜಾ ಅಂದಾಗ ತನ್ನ ನೈಲಾನ್ ಸೀರೆ ಹರಿದುಕೊಟ್ಟಳು. ನನ್ನನ್ನು ಬಿಚ್ಚಿದ ಕ್ರಮದಲ್ಲೇ ಸಾಮಾನೆಲ್ಲ ಅವಳ ಊಟದ ತಟ್ಟೆಗಳಲ್ಲಿ ಸಾಲಾಗಿ ಕುಳಿತವು. ನನ್ನೊಳಗೆ ಗೇರು ಹಿಡಿಯುವ ಕ್ಲಚ್ ಬಿಲ್ಲೆಗಳನ್ನು, ಹೊಸವನ್ನು, ಎಣ್ಣೆಯಲ್ಲಿ ಮುಳುಗಿಸಿದಾಗ, “ಅವಲಕ್ಕಿ ನೆನಿಯಾಕ ಹಾಕಿದಂಗಾತು,” ಅಂದಳು. ಎಮ್ಮೆ ಅನ್ನುವುದನ್ನೂ ಬಿಟ್ಟಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವತ್ತು ಸ್ಪ್ಯಾನರು ಮುಟ್ಟುವಂತಿಲ್ಲ. ಹುಲಿಗೆಮ್ಮ ಜಾಕಿನಿಂದ ಹಿಡಿದು ಸ್ಕ್ರೂಡ್ರೈವರಿನ ತನಕ ಪೂಜೆ ಮಾಡಿದಳು. ಬಿಚ್ಚಿಕೊಂಡು ಮಲಗಿದ್ದ ನನ್ನನ್ನು ಬಿಟ್ಟಾಳೆಯೇ? ಎಲ್ಲಿ ಹಣೆ ಎಂದು ತಿಳಿಯದೆ ಕಂಡಕಂಡಲ್ಲಿ ಕುಂಕುಮವಿಟ್ಟು ನೀರು ಚಿಮುಕಿಸಿದಳು. ಅಷ್ಟು ಮರ್ಯಾದೆ ನನಗೆ ಕಾರ್ಖಾನೆಯಲ್ಲೂ ಸಿಕ್ಕಿರಲಿಲ್ಲ.

ಮರುದಿನ ಖಾಜಾ ಕುಂಕುಮ ಒರೆಸಿ ನನ್ನನ್ನು ಜೋಡಿಸಿದ. ಪೂರ್ತಿ ಮುಚ್ಚುವ ಮೊದಲು ಎಣ್ಣೆ ಹರಿಯುವ ಒಂದೊಂದು ತೂತಿಗೂ ಗಾಳಿ ಊದಿ ನೋಡಬೇಕು. ಒಳಗೆ ಬಿಲ್ಲೆಗಳು ಕೂಡಿದರೆ ‘ಟಪ್’ ಎಂದು ಸದ್ದು ಬರುತ್ತದೆ. ಬಂತು, ಮತ್ತೂ ಬಂತು. ದೊಡ್ಡ ತೂತಿಗೆ ಊದಿದಾಗ ಸದ್ದಿಲ್ಲ. ಇನ್ನೊಮ್ಮೆ ಊದಿದ. ಇಲ್ಲ.

ಖಾಜಾ ಗೋಡೆಗೊರಗಿ ಕುಳಿತ. “ನನ್ ಕೈಲಾಗಲ್ಲ ಎರ್ರಿ. ಎಲ್ಲಿ ತಪ್ಪೀನೋ ಗೊತ್ತಾಗವಲ್ದು.”

ಎರ್ರಿಸ್ವಾಮಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ತನ್ನ ಎಡಮಂಡಿಯನ್ನು ನೋಡಿಕೊಳ್ಳುತ್ತ ನಿಂತ.

ಹುಲಿಗೆಮ್ಮ ಬಗ್ಗಿ ನೋಡಿದಳು. “ಯಾವ ತೂತು ಖಾಜಣ್ಣ? ಇದಾ? ದೊಡ್ಡದೈತಿ ಅಂತ ಇದಕ್ಕ ಕುಂಕುಮ ಜಾಸ್ತಿ ಇಟ್ಟಿದ್ನಲ್ಲ.”

ಖಾಜಾ ತಲೆಯೆತ್ತಿದ. “ಇಟ್ರೋ, ತಿನ್ನಿಸಿದ್ರೋ?”

“ಹೊರಗ ಇಟ್ಟೀನಪ್ಪ! ಒಳಗ ಹೋಗು ಅಂದ್ನೇನು?”

ನಕ್ಕು ನಕ್ಕು ಖಾಜಾನ ಕಣ್ಣಲ್ಲಿ ನೀರು ಬಂತು. ಮತ್ತೆ ಬಿಚ್ಚಿದ. ಕಾಲುವೆಯೊಳಗೆ ಕುಂಕುಮ ಒದ್ದೆಯಾಗಿ ಗಾರೆಯಂತೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಜೋಡಿಸಿ, ಊದಿದ.

ಟಪ್!

ಆ ಸದ್ದು ನನ್ನದೇ ಎಂದು ನಂಬಲು ನನಗೇ ಹೊತ್ತು ಹಿಡಿಯಿತು.

ದೀಪಾವಳಿ ಮುಗಿದ ಮೇಲೆ, ನನ್ನನ್ನು ಕೂಡಿಸಿದ ಟ್ಯಾಂಕರಿಗೆ ನೀರು ತುಂಬಿಸಿಕೊಂಡು ಗಣಿ ಏರಿಗೆ ಹೊರಟೆವು. ಪಕ್ಕದಲ್ಲಿ ಖಾಜಾ, ಗಾಡಿ ಜಾರಿದರೆ ಕೆಳಗೆ ಹಾರಿ ಚಕ್ರದ ಹಿಂದೆ ಇಡಲು ಅವನ ತೊಡೆಯ ಮೇಲೆ ಒಂದು ಗುಂಡುಕಲ್ಲು. ಏರಿನ ನಡುವೆ ಮುಂದಿನ ಅದಿರು ಲಾರಿ ಗಕ್ಕನೆ ನಿಂತಿತು. ನಾವೂ ನಿಂತೆವು. ಓಡುತ್ತ ಏರುವುದು ದೊಡ್ಡದಲ್ಲ. ಏರಿನಲ್ಲಿ ನಿಂತು ಮತ್ತೆ ಹೊರಡುವುದೇ ಪರೀಕ್ಷೆ. ಹಿಂದೆ ಲಾರಿಗಳ ಸಾಲು. ಮಗ್ಗುಲಲ್ಲಿ ಕೊಳ್ಳ.

ದಾರಿ ಬಿಟ್ಟಿತು. ಎರ್ರಿಸ್ವಾಮಿ ಬ್ರೇಕಿನಿಂದ ಬಲಗಾಲು ಎತ್ತಿದ. ನನ್ನೊಳಗೆ ಎಣ್ಣೆ ಓಡಿತು, ಬಿಲ್ಲೆಗಳು ಒಂದನ್ನೊಂದು ಅಪ್ಪಿಕೊಂಡವು. ಅಷ್ಟೊಂದು ನೀರಿನ ಭಾರವನ್ನು ಹಿಡಿದುಕೊಂಡೆ. ಗಾಡಿ ಒಂದು ಗೇಣೂ ಹಿಂದೆ ಸರಿಯದೆ ಮುಂದಕ್ಕೆ ಹೆಜ್ಜೆಯಿಟ್ಟಿತು.

“ಖಾಜಾ! ಆ ಕಲ್ಲು ಹೊರಗ ಒಗಿಯೋ!” ಎಂದು ಕೂಗಿದ ಎರ್ರಿಸ್ವಾಮಿ.

ನೆತ್ತಿಯಲ್ಲಿ ನೀರು ಬಿಟ್ಟಾಗ ಕೆಂಪು ಧೂಳು ಮೊದಲ ಸಲ ನಮ್ಮೆದುರು ತಲೆ ತಗ್ಗಿಸಿತು. ಹಿಂದಿನ ಡ್ರೈವರುಗಳೆಲ್ಲ ಹಾರನ್ ಹೊಡೆದರು. ಅದು ದಾರಿ ಕೇಳುವ ಹಾರನ್ ಅಲ್ಲ.

ಈಗ ನನಗೆ ವಯಸ್ಸಾಗಿದೆ. ಅಲ್ಲಲ್ಲಿ ಎಣ್ಣೆ ಜಿನುಗುತ್ತದೆ. ಮಳೆಗಾಲದಲ್ಲಿ ಗ್ಯಾರೇಜಿನ ಹಿಂದೆ ಸುಮ್ಮನೆ ನಿಂತಿರುತ್ತೇನೆ. ನನ್ನನ್ನು ಮಾಡಿದವರಿಗೆ ನಾನು ಎಲ್ಲಿದ್ದೇನೋ ಗೊತ್ತಿಲ್ಲ. ಈ ಮೂವರಿಗೆ ನನ್ನ ಒಳಗಿನ ಒಂದೊಂದು ಬಿಲ್ಲೆಯ ಜಾಗವೂ ಗೊತ್ತು. ಹುಟ್ಟು ಅಂತ ಯಾವುದನ್ನು ಅನ್ನಬೇಕೋ, ನನಗೆ ಇನ್ನೂ ತೀರ್ಮಾನವಾಗಿಲ್ಲ. ಮಳೆ ಬಿಟ್ಟ ಮೇಲೆ ಮತ್ತೆ ಅದೇ ಏರು. ಎರ್ರಿಸ್ವಾಮಿಯ ಎಡಗಾಲು ಪಕ್ಕದಲ್ಲಿ ನೀಳವಾಗಿ ಚಾಚಿಕೊಂಡು ಆರಾಮವಾಗಿರುತ್ತದೆ. ಅವನು ನನ್ನ ಕಡೆ ಕಿವಿಗೊಡುವುದನ್ನು ಎಂದೋ ಬಿಟ್ಟಿದ್ದಾನೆ. ಹಳೇ ಹಾಡು ಹೇಳಿಕೊಂಡು ರಸ್ತೆ ನೋಡುತ್ತಾನೆ.