ಮೋಟಾರು ಖೋಲಿಯ ಗಚ್ಚು

ಮುಂಗಾರಿನ ಮಿರಗದ ಮಳೆ ಹಿಡಿಯಿತೆಂದರೆ ನಾಗವ್ವನಿಗೆ ತವರಿಗೆ ಹೋದಷ್ಟು ಸಂತೋಷ. ಅವಳು ಮಲಗುತ್ತಿದ್ದ ಮೋಟಾರು ಖೋಲಿ ಆಗ ಸೋರಲು ಹತ್ತುತ್ತಿತ್ತು. ಕೌದಿ ಸುತ್ತಿಕೊಂಡು ಅಂಗಳ ದಾಟಿ ದೊಡ್ಡ ಮನೆಗೆ ಹೋದರೆ, ಮಳೆಗಾಲ ಮುಗಿಯುವ ತನಕ ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮಕ್ಕಳಾಗಲಿಲ್ಲವೆಂದು ಗಂಡ ಪರಮೇಶ್ವರಪ್ಪ ಸ್ವಾತಂತ್ರ್ಯ ಬರುವ ಮೊದಲೇ ಸುಶೀಲವ್ವನನ್ನು ಮಾಡಿಕೊಂಡಿದ್ದ. ನಾಗವ್ವನೇ ಆರತಿ ಎತ್ತಿ ಅವಳನ್ನು ಒಳಗೆ ಕರೆದುಕೊಂಡಿದ್ದಳು. ಒಂದರ ಹಿಂದೊಂದು ಗಂಡುಮಕ್ಕಳಾದವು, ಮನೆ ತುಂಬಿತು. ಹತ್ತಿ ವ್ಯಾಪಾರ ಜೋರಾಗಿದ್ದಾಗ ಕೊಂಡಿದ್ದ ಮೋಟಾರನ್ನು ಮಾರಿದ ವರ್ಷ, ಅದಕ್ಕೆಂದೇ ಕಟ್ಟಿಸಿದ್ದ ಕಾಂಕ್ರೀಟಿನ ಖೋಲಿ ಬರಿದಾಯಿತು. "ನಿನಗ ಒಂದ್ ಸ್ವತಂತ್ರ ಜಾಗಾ ಆತು," ಎಂದ ಪರಮೇಶ್ವರಪ್ಪ. ಕೆಟ್ಟ ಮನುಷ್ಯನಲ್ಲ ಅವನು. ಉಣ್ಣಲು ಉಡಲು ಕೊರತೆ ಮಾಡಲಿಲ್ಲ. ಆದರೆ ನೆಲಕ್ಕೆ ಹಿಡಿದಿದ್ದ ಮೋಟಾರೆಣ್ಣೆಯ ಕಪ್ಪು ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಸುಶೀಲವ್ವನ ಕೊನೆಯ ಕೂಸು ಹೊಳೆವ್ವ ಮಳೆಗಾಲವಿಡೀ ನಾಗವ್ವನ ಕೌದಿಯೊಳಗೇ ಮಲಗುವುದು. "ದೊಡ್ಡವ್ವ, ನಿನ್ನ ಖೋಲಿ ಯಾವಾಗ ಸೋರತೈತಿ?" ಎಂದು ಬೇಸಿಗೆಯಲ್ಲೇ ಕೇಳಲು ಶುರು ಮಾಡುತ್ತಿತ್ತು.

ಖೋಲಿ ಸೋರುವಂತೆ ಮಾಡಿದವನೂ ಪರಮೇಶ್ವರಪ್ಪನೇ. ತಮ್ಮೂರು ಚಿಕ್ಕೇರೂರಿನ ಎಲ್ಲ ಮಣ್ಣಿನ ಮಾಳಿಗೆಗಳ ಮೇಲೆ ಮಳೆಗಾಲಕ್ಕೆ ಮುಂಚೆ ಹರಡುವ ಉಪ್ಪುಪ್ಪಾದ ಸವಳು ಮಣ್ಣನ್ನು ಅವನು ಕಾಂಕ್ರೀಟಿನ ಮೇಲೂ ಹರಡಿಸಿದ್ದ. ಮಾಳಿಗೆಯನ್ನು ಕಾಯುವ ಸವಳು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿಂದುಹಾಕಿತು. ಐವತ್ತೆಂಟರ ಬೇಸಿಗೆಯಲ್ಲಿ, "ವರ್ಷಾ ವರ್ಷಾ ನಿನಗ ತ್ರಾಸು," ಎಂದು ಸವಣೂರಿನಿಂದ ಗಚ್ಚು ಬಡಿಯುವ ಹೆಂಗಸರನ್ನು ಕರೆಸಿದ.

ಅವರ ಮುಂದಾಳು ಜನ್ನತಬಿ. ಸುಣ್ಣ, ಉಸುಕು, ಇಟ್ಟಂಗಿ ಚೂರು ಕಲಸಿ ಮೇಲೆ ಹಾಸಿ, ಬೆಲ್ಲ ಮತ್ತು ಅಳಲೇಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಸಾಲಾಗಿ ಕುಳಿತು ಕಟ್ಟಿಗೆಯ ಕೊಡತಿಗಳಿಂದ ಬಡಿಯುವುದು ಅವರ ಕೆಲಸ.

"ಮ್ಯಾಲ ಬರ್ರಿ ನಾಗವ್ವಾರ," ಎಂದು ಜನ್ನತಬಿ ಕರೆದಳು. "ನಿಮ್ಮ ಸೂರಿಗೆ ನಿಮ್ಮ ಕೈಲೆನೂ ನಾಕು ಪೆಟ್ಟು ಬೀಳ್ಲಿ. ಯಾರ ಮ್ಯಾಲ ಸಿಟ್ಟೈತಿ, ಅವರ ಹೆಸರು ಹೇಳ್ಕೋಂತ ಬಡೀರಿ. ಗಚ್ಚು ಗಟ್ಟಿ ಆಗತೈತಿ."

"ನಿಮ್ಮ ಗಚ್ಚೆಲ್ಲಾ ಗಂಡನ ಹೆಸರಲೇ ಗಟ್ಟಿ ಆಗಿರಬೇಕು," ಎಂದಳು ನಾಗವ್ವ ಮೇಲೆ ಹತ್ತುತ್ತ.

"ಅಂವಾ ಸತ್ತು ಬಾಳ ದಿನಾ ಆತ್ರಿ. ಈಗ ಅತ್ತಿ ಹೆಸರಲೇ ನಡದೈತಿ."

ಸಾಲಿಗೆ ಸಾಲೇ ನಕ್ಕಿತು. ನಾಗವ್ವನೂ ನಕ್ಕು ಕೊಡತಿ ಎತ್ತಿದಳು. ಯಾರ ಹೆಸರೂ ಬಾಯಿಗೆ ಬರಲಿಲ್ಲ. ಸುಮ್ಮನೆ ಬಡಿದಳು. ಬುತ್ತಿ ಬಿಚ್ಚುವ ಹೊತ್ತಿಗೆ ಜನ್ನತಬಿ ಅವಳ ಅಂಗೈಯ ಬೊಬ್ಬೆ ನೋಡಿ ಎಣ್ಣೆ ಹಚ್ಚಿದಳು. ತನ್ನ ಕೈಯನ್ನು ಹಾಗೆ ಹಿಡಿದು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ.

"ಇನ್ನ ಒಂದ್ ಹನಿ ಬೀಳಂಗಿಲ್ಲ. ಕಡೀತನಕ ಇಲ್ಲೇ ಆರಾಮ ಇರ್ರಿ," ಎಂದಳು ಜನ್ನತಬಿ, ಒಳ್ಳೆಯ ಮನಸ್ಸಿನಿಂದಲೇ. ಕಡೀತನಕ ಎಂಬ ಮಾತು ನಾಗವ್ವನ ಎದೆಯಲ್ಲಿ ಕೂತುಬಿಟ್ಟಿತು.

ಬಡಿಯುವುದು ಮುಗಿದ ಮೇಲೆ ಸೂರಿನ ಅಂಚಿಗೆ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಕೆಳಗೆ ನಿಂತು ನೋಡುವ ಕೆಲಸ ನಾಗವ್ವನದು.

"ಎಲ್ಲೆರೆ ತೇವ ಕಂಡ್ರ ಈಗ ಹೇಳ್ರಿ," ಮೇಲಿನಿಂದ ಜನ್ನತಬಿ ಕೂಗಿದಳು. "ಹಸಿ ಇದ್ದಾಗ ಮತ್ತ ಬಡೀತೇವಿ. ಒಣಗಿದ ಮ್ಯಾಲ ಏನೂ ಮಾಡಾಕ ಬರಂಗಿಲ್ಲ."

ಮೂಲೆಯಲ್ಲಿ, ಹಾಸಿಗೆಯ ನೇರಕ್ಕೆ, ಅಂಗೈ ಅಗಲದ ತೇವ ಮೂಡಿತ್ತು. ನಾಗವ್ವ ಅದನ್ನೇ ನೋಡುತ್ತ ನಿಂತಳು. ಅಷ್ಟೇ ಅಷ್ಟು ಜಾಗದಿಂದ ಮಳೆಗಾಲ ತನ್ನನ್ನು ಕರೆಯಲು ಬರಬಹುದಿತ್ತು.

"ಏನೂ ಇಲ್ರಿ," ಎಂದಳು. "ಎಲ್ಲಾ ಒಣಗೇ ಐತಿ."

ಮಿರಗದ ಮೊದಲ ಮಳೆ ದೀಪ ಹಚ್ಚುವ ಹೊತ್ತಿಗೆ ಬಂತು. ಮೂಲೆ ತೊಟ್ಟಿಕ್ಕಿತು. ನಾಗವ್ವ ಕೌದಿ ಸುತ್ತಿಕೊಂಡು ಓಡಿದಂತೆಯೇ ಅಂಗಳ ದಾಟಿದಳು.

"ದೊಡ್ಡವ್ವ ಬಂದ್ಲು," ಎಂದು ಹೊಳೆವ್ವ ಕುಣಿಯಿತು.

ಸುಶೀಲವ್ವ ಒಲೆಯ ಮುಂದಿನಿಂದಲೇ ಕೇಳಿದಳು: "ಅಕ್ಕಾ, ಮತ್ತ ಸೋರಾಕತ್ತೈತೇನು?"

ನಾಗವ್ವ ಬಾಯಿ ತೆರೆಯುವ ಮೊದಲೇ ಪರಮೇಶ್ವರಪ್ಪನ ಮುಖ ಕೆಂಪಾಯಿತು. "ಆ ಸವಣೂರ ಹೆಂಗಸು ಮೋಸಾ ಮಾಡಿದ್ಲು. ನಾಳೆನ ಹೇಳಿ ಕಳಸ್ತೇನಿ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು, ಎಲ್ಲೂ ಆಕಿನ್ನ ಯಾರೂ ಕೆಲಸಕ್ಕ ಕರೀಬಾರದು, ಹಂಗ ಮಾಡ್ತೇನಿ."

ನಾಗವ್ವ ಹೊಸ್ತಿಲ ಮೇಲೆ ನಿಂತಳು. ಅಂಗೈಯ ಬೊಬ್ಬೆಗಳು ಒಣಗಿ ಇನ್ನೂ ಒರಟಾಗಿದ್ದವು. ಹೊಳೆವ್ವ ಆಗಲೇ ಕೌದಿಯ ಒಂದು ತುದಿ ಹಿಡಿದು ಒಳಗೆ ಎಳೆಯುತ್ತಿತ್ತು.

"ಸೋರಾಕತ್ತಿಲ್ರಿ," ಎಂದಳು. "ಗಚ್ಚು ಚಲೋ ಕುಂತೈತಿ. ಗುಡುಗಿಗೆ ಅಂಜಿ ಬಂದ್ನಿ."

ಪರಮೇಶ್ವರಪ್ಪ ನಕ್ಕ. "ಈ ವಯಸ್ಸಿನಾಗ ಗುಡುಗಿಗೆ ಅಂಜ್ತೀ? ಹೋಗು, ಬೆಚ್ಚಗ ಮಲಕೋ. ಊರಾಗ ಎಲ್ಲಾರಿಗಿಂತ ಗಟ್ಟಿ ಸೂರು ನಿಂದ ಐತಿ."

ಅವಳು ಕೂಸಿನ ಬೆರಳುಗಳನ್ನು ಒಂದೊಂದಾಗಿ ಕೌದಿಯಿಂದ ಬಿಡಿಸಿದಳು.

ಖೋಲಿಗೆ ಬಂದು ಹಾಸಿಗೆ ಈಚೆಗೆ ಎಳೆದು, ಹನಿ ಬೀಳುವಲ್ಲಿ ಬೋಗಾಣಿ ಇಟ್ಟಳು. ಟಣ್ ಎಂದಿತು. ದೊಡ್ಡ ಮನೆಗೆ ಕೇಳಿಸೀತೆಂದು ಹಳೆಯ ಸೀರೆಯ ತುಂಡೊಂದನ್ನು ಮಡಚಿ ಬೋಗಾಣಿಯೊಳಗೆ ಹಾಸಿದಳು. ಆಮೇಲೆ ಸದ್ದಾಗಲಿಲ್ಲ.